ಮಗ್ಗ ನಿಂತ ಮಧ್ಯಾಹ್ನ

ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗಗಳು ನಿಲ್ಲುವುದು ಎರಡೇ ಕಾರಣಕ್ಕೆ. ಕರೆಂಟ್ ಹೋಗಬೇಕು, ಇಲ್ಲವೇ ಓಣಿಯಲ್ಲಿ ಯಾರಾದರೂ ತೀರಿಕೊಳ್ಳಬೇಕು. ಕರೆಂಟ್ ಹೋದರೆ ಎಲ್ಲ ಮಗ್ಗಗಳೂ ಒಮ್ಮೆಲೇ ಬಾಯಿ ಮುಚ್ಚುತ್ತವೆ. ಸಾವಾದರೆ ಹಾಗಲ್ಲ. ಸುದ್ದಿ ಮುಟ್ಟಿದ ಮನೆಯಲ್ಲಿ ಮೊದಲು, ಆಮೇಲೆ ಅದರಾಚೆಯ ಮನೆಯಲ್ಲಿ, ಹೀಗೆ ಸದ್ದು ಒಂದೊಂದಾಗಿ ಕಳಚಿಕೊಳ್ಳುತ್ತ ಹೋಗುತ್ತದೆ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತವರಿಗೂ ಯಾವ ತರಹದ್ದು ಎಂದು ತಿಳಿದುಬಿಡುತ್ತದೆ. ಹೆಣ ಓಣಿ ದಾಟುವವರೆಗೆ ಯಾರೂ ಸ್ವಿಚ್ಚಿಗೆ ಕೈ ಹಚ್ಚುವುದಿಲ್ಲ. ಇದನ್ನು ಯಾರು ಯಾವಾಗ ಮಾಡಿಟ್ಟರೋ ನನ್ನ ಅವ್ವನಿಗೂ ಗೊತ್ತಿರಲಿಲ್ಲ.

ನಾನು ಆ ಸದ್ದಿನೊಳಗೇ ಹುಟ್ಟಿ ಬೆಳೆದವಳು. ಮಗ್ಗದ ಮನೆಯ ತೊಲೆಗೆ ಸೀರೆಯ ಜೋಳಿಗೆ ಕಟ್ಟಿ ಅದರಲ್ಲಿ ನನ್ನನ್ನು ಮಲಗಿಸುತ್ತಿದ್ದರಂತೆ. ಖಟಲ್ ಖಟಲ್ ಎಂದು ನೆಲ ನಡುಗುತ್ತಿದ್ದರೆ ನಿದ್ದೆ, ನಿಂತರೆ ಎಚ್ಚರ. ಈಗಲೂ ಪರಊರಿನ ಲಾಡ್ಜಿನಲ್ಲಿ ಉಳಿದರೆ ನನಗೆ ನಿದ್ದೆ ಹತ್ತುವುದಿಲ್ಲ. ಫ್ಯಾನು ಜೋರು ಮಾಡಿ, ಅದರ ಗರಗರದಲ್ಲಿ ನಮ್ಮ ಓಣಿಯನ್ನು ಹುಡುಕುತ್ತ ಬಿದ್ದುಕೊಳ್ಳುತ್ತೇನೆ.

ಅಂಥ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳುವುದಿಲ್ಲ. ಹೀಗಾಗಿ ನಮ್ಮ ಹೆಂಗಸರು ಕೂಗುವ ಉಸಾಬರಿಗೇ ಹೋಗುವುದಿಲ್ಲ. ಬರೀ ತುಟಿಯಲ್ಲಿ ಮಾತಾಡುತ್ತಾರೆ. ದನಿ ಇಲ್ಲ. ತುಟಿ, ಹುಬ್ಬು, ಚೂರು ಕೈ, ಅಷ್ಟೇ. ಈ ಬದಿಯ ಮಗ್ಗದಿಂದ ಆ ಬದಿಯ ಮಗ್ಗಕ್ಕೆ, ಬಾಗಿಲಿನಿಂದ ಎದುರುಮನೆಯ ಬಾಗಿಲಿಗೆ, ಮದುವೆ ಮಾತು, ಬಸುರಿಯ ಸುದ್ದಿ, ಅತ್ತೆಯರ ಮೇಲಿನ ದೂರು ಎಲ್ಲ ಹಾಗೇ ದಾಟಿಹೋಗುತ್ತವೆ. ಅವ್ವ ನನ್ನನ್ನು ಬೈದದ್ದೆಲ್ಲ ನನ್ನ ಕಣ್ಣಿಗೆ ನೆನಪಿದೆ, ಕಿವಿಗೆ ನೆನಪಿಲ್ಲ. ಹಳದಿ ಬೆಳಕಿನಲ್ಲಿ ಹತ್ತಿಯ ಧೂಳು ತೇಲುತ್ತಿರುತ್ತದೆ, ಅದರಾಚೆ ಅವ್ವನ ತುಟಿ 'ಲೇ ಕತ್ತಿ' ಎಂದು ನನ್ನನ್ನು ಕತ್ತೆ ಮಾಡುತ್ತದೆ. ಇವತ್ತಿಗೂ ಕನಸಿನಲ್ಲಿ ಬಂದರೆ ಸದ್ದಿಲ್ಲದೆಯೇ ಬೈಯುತ್ತಾಳೆ. ನಾನು ಅಲ್ಲಿಯೂ ಎದುರು ಮಾತಾಡುತ್ತೇನೆ.

ನನ್ನ ಕೆಲಸ ಸೈಬರ್ ಸೆಕ್ಯುರಿಟಿಯದು. ಹೀಗೆಂದರೆ ಓಣಿಯಲ್ಲಿ ಯಾರಿಗೂ ತಲೆಬುಡ ತಿಳಿಯುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ದೊಡ್ಡ ದೊಡ್ಡ ಆಫೀಸುಗಳ ಕಂಪ್ಯೂಟರುಗಳೊಳಗೆ ನುಗ್ಗಲು ಯಾರಾರೋ ಸದಾ ಹವಣಿಸುತ್ತಿರುತ್ತಾರೆ. ಸುಳ್ಳು ಮೇಲ್ ಕಳಿಸುತ್ತಾರೆ, ಕದ್ದ ಪಾಸ್‌ವರ್ಡ್ ಹಾಕಿ ನೋಡುತ್ತಾರೆ. ನಮ್ಮ ಪರದೆಯ ಮೇಲೆ ಸಾಲುಸಾಲಾಗಿ ಸೂಚನೆಗಳು ಬರುತ್ತಿರುತ್ತವೆ. ಬಹುಪಾಲು ಏನೂ ಇರುವುದಿಲ್ಲ, ಯಾವುದೋ ಒಂದರಲ್ಲಿ ಕಳ್ಳ ಇರುತ್ತಾನೆ. ಅವನನ್ನು ಗುರುತಿಸಿ, ಬಾಗಿಲು ಹಾಕಿ, ಎಲ್ಲಿಂದ ಬಂದ ಹೇಗೆ ಬಂದ ಎಂದು ಬರೆದಿಡುವುದು ನಮ್ಮ ತಂಡದ ಕೆಲಸ. ಕಂಪನಿ ದೂರದ ಊರಿನದು. ನಾನು ಮಾತ್ರ ಬನಹಟ್ಟಿಯ ನಮ್ಮ ಮನೆಯ ಮಾಳಿಗೆ ಮೇಲಿನ ಖೋಲಿಯಲ್ಲಿ, ನಾಲ್ಕೂ ಗೋಡೆಗೆ ಹಳೆಯ ಸೀರೆ ಹೊಲಿದು ಮಾಡಿದ ದಪ್ಪ ಕೌದಿ ಬಡಿದುಕೊಂಡು ಹಗಲು ಪಾಳಿ ಮಾಡುತ್ತೇನೆ. ಆ ಕೌದಿಗಳನ್ನು ದಾಟಿ ಬರುವ ಹೊತ್ತಿಗೆ ಮಗ್ಗದ ಸದ್ದು ಎಲ್ಲೋ ದೂರದಲ್ಲಿ ರೈಲು ಹೋದಷ್ಟು ಉಳಿದಿರುತ್ತದೆ.

ಕಂಪನಿಯವರಿಗೆ ನಮ್ಮಂಥ ಹೆಣ್ಣುಮಕ್ಕಳ ಮೇಲೆ ಭಾರೀ ಪ್ರೀತಿ. ಮಹಿಳಾ ದಿನ ಬಂತೆಂದರೆ ಗುಲಾಬಿ ಬಣ್ಣದ ಒಂದು ಚಿತ್ರ ಬರುತ್ತದೆ, ನೀವೇ ನಮ್ಮ ಶಕ್ತಿ ಎಂದು. ಅದನ್ನೇನು ಉಪ್ಪಿನಕಾಯಿ ಹಾಕಿಕೊಳ್ಳಲೇ? ತಂಡದಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಬಂದವರಲ್ಲಿ ಕೂಸು ಹುಟ್ಟಿತೆಂದು ಒಬ್ಬಳು, ಮನೆಯವರಿಗೆ ಸರಿಬರಲಿಲ್ಲವೆಂದು ಇನ್ನೊಬ್ಬಳು ಬಿಟ್ಟುಹೋಗುತ್ತಾರೆ. ಹೋಗುವಾಗ ಎಲ್ಲರೂ ನನಗೆ ಥ್ಯಾಂಕ್ಸ್ ಹೇಳುತ್ತಾರೆ. ಥ್ಯಾಂಕ್ಸ್ ಯಾರಿಗೆ ಬೇಕು ಮಾರಾಯ್ತಿ, ಕೆಲಸಕ್ಕೆ ಬಾ ಎಂದರೆ ನಾನು ಜಗಳಗಂಟಿ.

ನಾನೀಗ ಹೇಳಹೊರಟ ಹುಡುಗಿ ನಮ್ಮ ಓಣಿಯದೇ ಸೊಸೆ, ನಮ್ಮಿಂದ ಮೂರನೇ ಮನೆ. ತವರು ಬೀಳಗಿ ಕಡೆಯ ಹಳ್ಳಿ, ಒಕ್ಕಲುತನದ ಮನೆ. ಜಮಖಂಡಿಯಲ್ಲಿ ಕಂಪ್ಯೂಟರ್ ಓದಿದ್ದಳು. ಮದುವೆಯಾಗಿ ನಾಲ್ಕು ವರ್ಷ. ಗಂಡ ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಮನೆಗೆ ಬಂದರೆ ಉಣ್ಣುತ್ತಾನೆ, ಮಲಗುತ್ತಾನೆ, ಒಳ್ಳೆಯವನು. ಮನೆಯನ್ನೂ ಮಗ್ಗಗಳನ್ನೂ ನಡೆಸುವವಳು ಅತ್ತೆ. ಆಕೆ ಓಣಿಗೆಲ್ಲ ಕಾಕು, ಚಿಕ್ಕಮ್ಮ. ಗಂಡ ತೀರಿಕೊಂಡ ಮೇಲೂ ಒಂದು ಮಗ್ಗ ಕಡಿಮೆಯಾಗದ ಹಾಗೆ ನೋಡಿಕೊಂಡವಳು.

ಓಣಿಯ ಹೆಂಗಸರ ಗ್ರೂಪಿನಲ್ಲಿ ಒಂದು ದಿನ, ಹೊಲಿಗೆ ಮಷಿನ್ ಪುಕ್ಕಟೆ, ಇಲ್ಲಿ ಒತ್ತಿ ಎಂಬ ಸಂದೇಶ ಬಂತು. ನಾನು ನೋಡುವ ಮೊದಲೇ ಈಕೆ ನಮ್ಮ ಮಾಳಿಗೆ ಹತ್ತಿ ಬಂದಳು.

"ಅಕ್ಕಾರ, ಇದ ಖೊಟ್ಟಿ ಐತ್ರಿ. ಯಾರೂ ಒತ್ತಬ್ಯಾಡ್ರಿ ಅಂತ ನೀವ ಹೇಳ್ರಿ. ನಾ ಹೇಳಿದ್ರ ಯಾರೂ ಕೇಳೂದಿಲ್ಲ."

"ಖೊಟ್ಟಿ ಅಂತ ನಿನಗ ಹ್ಯಾಂಗ ಗೊತ್ತಾತ ಬೇ?"

ಆ ಲಿಂಕಿನ ವಿಳಾಸ ಹುಟ್ಟಿ ವಾರವೂ ಆಗಿಲ್ಲ, ಒತ್ತಿದರೆ ಮೊದಲು ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಇನ್ನೆಲ್ಲಿಗೋ ಎಂದು ಒಂದೊಂದೇ ಬಿಚ್ಚಿ ತೋರಿಸಿದಳು. ಯಾರು ಕಲಿಸಿದರು ಎಂದರೆ, "ಯಾರೂ ಇಲ್ರಿ. ಕಂಡಿಕಿಗೆ ನೂಲ ಸುತ್ತಕೋತ ಫೋನ್‌ನ್ಯಾಗ ಓದೀನ್ರಿ" ಎಂದಳು. ಆಮೇಲೆ ಕೆಲವರು ನನಗೆ ಹೇಳಿದ್ದಿದೆ: ನೇಕಾರರ ಮನೆಯ ಕಣ್ಣು, ಹರಿದ ಎಳೆ ಹಿಡಿಯುವ ಕಣ್ಣು, ಅದಕ್ಕೇ ಈ ವಿದ್ಯೆ ಒಲಿಯಿತು ಎಂದು. ಮಣ್ಣಾಂಗಟ್ಟಿ! ಆಕೆಯ ತವರಿನಲ್ಲಿ ಯಾರೂ ಮಗ್ಗ ಮುಟ್ಟಿದವರಲ್ಲ. ಕೂತು ಓದಿದಳು, ಬಂತು.

ಅಲ್ಲಿಂದ ಒಂದು ವರ್ಷಕ್ಕೂ ಮಿಕ್ಕಿ ಆಕೆ ಮಧ್ಯಾಹ್ನ ನನ್ನ ಖೋಲಿಗೆ ಬರುತ್ತಿದ್ದಳು. ಊಟವಾಗಿ ಕಾಕು ಗೋಡೆಗೆ ಒರಗಿ ಕಣ್ಣು ಮುಚ್ಚುವ ಹೊತ್ತು ಅದು, ನನಗೂ ಪಾಳಿಯ ನಡುವಿನ ಬಿಡುವು. ಆ ಮಧ್ಯಾಹ್ನಗಳೆಲ್ಲ ನೆನಪಿನಲ್ಲಿ ಒಂದರೊಳಗೊಂದು ಕಲೆತು, ಈಗ ಒಂದೇ ಉದ್ದನೆಯ ಮಧ್ಯಾಹ್ನವಾಗಿದೆ. ಕಿಟಕಿಯ ಕೌದಿಯ ತೂತಿನಿಂದ ಬಿಸಿಲಿನ ಒಂದು ಕಡ್ಡಿ ನೆಲಕ್ಕೆ ಬಿದ್ದು ಮೆಲ್ಲಗೆ ಆಕೆಯ ಪಾದದ ಕಡೆ ಸರಿಯುತ್ತಿರುತ್ತದೆ. ಕೆಳಗೆ ಬಣ್ಣದ ತೊಟ್ಟಿಯ ನೀರು ಗಟಾರದಲ್ಲಿ ಒಮ್ಮೆ ಕೆಂಪಾಗಿ ಒಮ್ಮೆ ನೀಲಿಯಾಗಿ ಹರಿಯುತ್ತಿರುತ್ತದೆ. ಆಕೆಯ ಮುಖದ ಮೇಲೆ ಪರದೆಯ ಬೆಳಕು, ಕೂದಲಿಗೆ ಅಂಟಿಕೊಂಡ ಹತ್ತಿಯ ನವಿರು. ಅಭ್ಯಾಸಕ್ಕೆಂದು ಹಾಕಿದ ಸಾಲುಗಳು ಮೇಲೇರಿ ಹೋಗುತ್ತಲೇ ಇರುತ್ತವೆ, ಇಬ್ಬರೂ ಕಣ್ಣು ಮಿಟುಕಿಸದೆ ನೋಡುತ್ತಿರುತ್ತೇವೆ. ಒಮ್ಮೊಮ್ಮೆ ನನಗೆ, ನಾವು ಹೊಳೆ ದಂಡೆಯಲ್ಲಿ ಕೂತು ನೀರು ನೋಡುತ್ತಿದ್ದೇವೆ ಎನಿಸಿಬಿಡುತ್ತಿತ್ತು.

ನನಗೆ ತಾಳ್ಮೆ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. "ಲೇ, ಕಣ್ಣ ಎಲ್ಲಿಟ್ಟಿ? ಕಳ್ಳ ಮುಂಬಾಗಿಲಿಂದ ಹ್ವಾದ, ನೀ ಹಿತ್ತಲ ನೋಡಾಕತ್ತಿ!" ಎಂದು ರೇಗುತ್ತಿದ್ದೆ. ಆಕೆ ನಗುತ್ತಿದ್ದಳು. ನನ್ನ ಖೋಲಿಯಲ್ಲಿ ದನಿ ತೆಗೆದು ನಗುತ್ತಿದ್ದಳು, ದನಿ ತೆಗೆದು ಮಾತಾಡುತ್ತಿದ್ದಳು. ತುಸು ಒಡಕು ದನಿ, ಆಗತಾನೇ ನಿದ್ದೆಯಿಂದ ಎದ್ದವರ ಹಾಗೆ. ಮೆಟ್ಟಿಲಿಳಿದು ಓಣಿಗೆ ಕಾಲಿಟ್ಟಳೋ, ಅದು ಬಂದ್. ಮಾಳಿಗೆಯಿಂದ ಬಗ್ಗಿ ನೋಡಿದರೆ ತುಟಿಯಲ್ಲಷ್ಟೇ 'ನಾಳಿ ಬರ್ತೀನ್ರಿ' ಎಂದು ಹೋಗುತ್ತಿದ್ದಳು. ಅಭ್ಯಾಸದ ಪಾಠದಲ್ಲಿ ಮೊದಲ ಸಲ ಕಳ್ಳನನ್ನು ತಾನೇ ಹಿಡಿದ ದಿನ ಕುರ್ಚಿ ಬಿಟ್ಟು ಎದ್ದು, "ಸಿಕ್ಕಾ ಅಕ್ಕಾರ, ಸಿಕ್ಕಾ!" ಎಂದು ನನ್ನ ಕೈ ಹಿಂಡಿಬಿಟ್ಟಳು. ನನಗಾದ ಸಂತೋಷ ಏನೆಂದು ಹೇಳಲಿ, ನಾನೇ ಮೊದಲು ಹಿಡಿದಾಗಲೂ ಅಷ್ಟು ಆಗಿರಲಿಲ್ಲ.

ಈ ಕೆಲಸಕ್ಕೆ ಬೇಕಾದ ಸರ್ಟಿಫಿಕೇಟಿನ ಪರೀಕ್ಷೆಗೆ ಜಮಖಂಡಿಗೆ ಕರೆದುಕೊಂಡು ಹೋದವಳೂ ನಾನೇ. ಬೆಳಗಿನ ಬಸ್ಸು. ಕಬ್ಬಿನ ಹೊಲಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಎಲ್ಲೋ ಬೆಲ್ಲದ ಗಾಣ ನಡೆದಿತ್ತು, ಅದರ ಬಿಸಿ ಸಿಹಿ ವಾಸನೆ ಬಸ್ಸಿನೊಳಗೆಲ್ಲ ತುಂಬಿತ್ತು. ಆಕೆ ಕಿಟಕಿಗೆ ಹಣೆ ಆನಿಸಿ, ಓದಿದ್ದನ್ನೆಲ್ಲ ಬರೀ ತುಟಿಯಲ್ಲಿ ಹೇಳಿಕೊಳ್ಳುತ್ತಿದ್ದಳು. ಎದುರು ಸೀಟಿನ ಮುದುಕಿ ಏನೋ ಸ್ತೋತ್ರ ಅಂದುಕೊಂಡು ಕೈ ಮುಗಿದಳು. ನನಗೂ ಬಿಡಿಸಿ ಹೇಳುವ ಮನಸ್ಸಾಗಲಿಲ್ಲ.

ಪಾಸಾದಳು. ಅದೇ ಹೊತ್ತಿಗೆ ನಮ್ಮ ತಂಡದಲ್ಲಿ ಒಂದು ಜಾಗ ಖಾಲಿಯಾಯಿತು. ಆಕೆಯನ್ನು ತೆಗೆದುಕೊಳ್ಳಿ ಎಂದು ನಾನು ಹೇಳಿದೆ. ಕಾಕುವನ್ನು ಒಪ್ಪಿಸುವುದೂ ನನ್ನ ಪಾಲಿಗೇ ಬಂತು.

"ಎಂಥಾ ಕೆಲಸಲೇ ಅದು?" ಎಂದಳು ಕಾಕು.

"ಕಳ್ಳರನ್ನ ಹಿಡಿಯೂದು ಕಾಕು. ಮನ್ಯಾಗ ಕುಂತ."

"ಮನ್ಯಾಗ ಕುಂತ ಯಾವ ಕಳ್ಳರನ್ನ ಹಿಡಿತೀರಿ?"

"ಮುಧೋಳದ ಬ್ಯಾಟಿನಾಯಿ ನೋಡೀರಲ್ಲ, ಮೊಲ ಎಷ್ಟ ದೂರ ಇದ್ರೂ ಅದರ ಕಣ್ಣಿಗೆ ಬೀಳತೈತಿ. ಹಂಗ..."

"ನನ್ನ ಸೊಸಿ ನಾಯಿ ಏನ್ಲೇ?"

ನಾನು ಮೆಲ್ಲಗೆ ಮನೆಗೆ ನಡೆದೆ. ಆದರೆ ಮರುದಿನ ನೋಡಿದರೆ ಮಗ್ಗದ ಮನೆಯ ಪಕ್ಕದ ಸಣ್ಣ ಖೋಲಿಯಿಂದ ನೂಲಿನ ಗಂಟುಗಳೆಲ್ಲ ಹೊರಗೆ ಬಂದಿದ್ದವು. "ಆ ಮೂಲ್ಯಾಗ ಕುಂಡ್ರಲಿ. ಆದ್ರ ಆತು, ಆಗಲಿಲ್ಲ ಅಂದ್ರ ಅಲ್ಲೇ ಇನ್ನೆರಡ ಮಗ್ಗ ಹಾಕತೀನಿ, ಅವನ್ನ ನೋಡಕೊಂಡ ಹೋಗಲಿ" ಎಂದಳು ಕಾಕು. ಅದರಲ್ಲಿ ಬೆದರಿಕೆ ಏನಿರಲಿಲ್ಲ. ಆಕೆಗೆ ಕಂಡ ಲೆಕ್ಕ ಅದು. ಆದರೆ ಆ ಎರಡು ಮಗ್ಗ ಒಮ್ಮೆ ಕೂತವೆಂದರೆ ಹುಡುಗಿಗೆ ನನ್ನ ಮಾಳಿಗೆ ಹತ್ತುವ ಮಧ್ಯಾಹ್ನವೂ ಉಳಿಯುವುದಿಲ್ಲ ಎಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು.

ಕಂಪನಿಯದೊಂದು ನಿಯಮವಿತ್ತು. ಮನೆಯಿಂದ ಕೆಲಸ ಮಾಡುವವರು ಯಾವ ಖೋಲಿಯಲ್ಲಿ ಕೂತು ಮಾಡುತ್ತಾರೋ ಅಲ್ಲಿಂದಲೇ ಸಂದರ್ಶನ ಕೊಡಬೇಕು. ಬಾಗಿಲು ಹಾಕಿರಬೇಕು, ಒಳಗೆ ಬೇರೆ ಯಾರೂ ಇರಬಾರದು. ದಿನದ ಕೆಲಸವೇನೋ ಎಲ್ಲ ಬರವಣಿಗೆಯದೇ, ಮಾತು ಬೇಕಾಗುವುದು ಅಪರೂಪ. ಸಂದರ್ಶನದಲ್ಲಿ ಮಾತ್ರ ಪರದೆಯಲ್ಲಿ ಕಳ್ಳನನ್ನು ಹುಡುಕುತ್ತ, ತಾನೇನು ಮಾಡುತ್ತಿದ್ದೇನೆಂದು ಬಾಯಿಬಿಟ್ಟು ಹೇಳುತ್ತ ಹೋಗಬೇಕು. ನಾನು ಆಕೆಗೆ ನೂರು ಸಲ ಹೇಳಿಸಿದ್ದೆ. ಆಕೆಯ ಖೋಲಿಯ ಗೋಡೆಗೆ ನಮ್ಮ ಮನೆಯ ಎರಡು ಕೌದಿಯನ್ನೂ ಬಡಿದು ಬಂದಿದ್ದೆ.

ಸಂದರ್ಶನ ಮುಗಿದ ಸ್ವಲ್ಪ ಹೊತ್ತಿಗೆ ನಮ್ಮ ತಂಡದ ಮುಖ್ಯಸ್ಥೆ ನನಗೆ ಫೋನ್ ಮಾಡಿದರು. ನಿಮ್ಮ ಹುಡುಗಿಯ ಮೈಕು ಕೆಟ್ಟಿತ್ತು ಎಂದರು. ಏನೋ ಕಾರ್ಖಾನೆಯ ಸದ್ದು ಬರುತ್ತಿತ್ತಂತೆ. ಬಾಯಿ ಆಡುತ್ತಿತ್ತು, ಕೈ ಆಡುತ್ತಿತ್ತು, ಆಕೆಯ ದನಿ ಮಾತ್ರ ಒಂಚೂರೂ ಬರಲಿಲ್ಲ. ಮೈಕ್ ನೋಡಿಕೊಳ್ಳಿ ಎಂದು ಮತ್ತೆ ಮತ್ತೆ ಹೇಳಿದರೂ ಆಕೆ ತಲೆ ಆಡಿಸಿ ಹಾಗೇ ಮುಂದುವರಿಸಿದಳಂತೆ. ಮೈಕು ಕೆಟ್ಟಿರಲಿಲ್ಲ ಎಂದು ನನಗೆ ಆ ಕ್ಷಣವೇ ತಿಳಿಯಿತು. ಅದರ ಹಿಂದೆಯೇ ನಗು ಬಂತು, ನಗುವಿನ ಹಿಂದೆ ಸಿಟ್ಟು.

ದಡದಡ ಇಳಿದು ಹೋದೆ. ಹುಡುಗಿ ಅದೇ ಖೋಲಿಯಲ್ಲಿ ಕೂತಿದ್ದಳು, ಮುಖ ಅರಳಿತ್ತು. ಮಗ್ಗದ ಸದ್ದಿನಲ್ಲಿ ತುಟಿಯಲ್ಲೇ ಹೇಳಿದಳು, 'ಎಲ್ಲಾ ಹೇಳಿನ್ರಿ ಅಕ್ಕಾರ. ಒಂದೂ ಬಿಡಲಿಲ್ಲ.'

ನಾನೂ ತುಟಿಯಲ್ಲೇ ಕೇಳಿದೆ, 'ಯಾರಿಗೆ ಹೇಳಿದಿ? ಗ್ವಾಡಿಗೆ?'

ಆಕೆ ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೈ ಎತ್ತಿ ತನ್ನ ಗಂಟಲು ಮುಟ್ಟಿಕೊಂಡಳು. ಅಷ್ಟು ಹೊತ್ತೂ ತಾನು ಮಾತಾಡುತ್ತಲೇ ಇದ್ದೇನೆ ಎಂದುಕೊಂಡಿದ್ದಳು, ಪಾಪ. ಆ ಮನೆಗೆ ಬಂದ ಮೇಲೆ ಮಾತೆಂದರೆ ಅದೇ ಆಗಿತ್ತು ಆಕೆಗೆ. ಎಚ್ಚರವಿದ್ದಷ್ಟು ಹೊತ್ತು ಮಗ್ಗ, ಕರೆಂಟ್ ಹೋದರೆ ಅತ್ತೆ ಕಟ್ಟೆಗೆ, ಸೊಸೆ ಒಳಗೆ ಒಲೆಯ ಮುಂದೆ. ಹೊರಗಿನವರು ಯಾರೂ ಮಾಡದ ತಪ್ಪು ಇದು, ಮಾಡಿದರೆ ನಮ್ಮ ಓಣಿಯವರೇ ಮಾಡಬೇಕು. ನನ್ನ ಸಿಟ್ಟೆಲ್ಲ ಇಳಿದುಹೋಯಿತು, ಆಕೆಯ ಪಕ್ಕ ಕೂತುಬಿಟ್ಟೆ.

ಮುಖ್ಯಸ್ಥೆಯನ್ನು ಕಾಡಿ ಬೇಡಿ ಇನ್ನೊಂದು ಅವಕಾಶ ಪಡೆದೆ. ಗುರುವಾರ ಮೂರು ಗಂಟೆ, ಇದೇ ಕೊನೆ ಎಂದರು. ಈ ಸಲ ದನಿ ತೆಗೆದು ಮಾತಾಡು ಎಂದು ಹುಡುಗಿಯನ್ನು ಕೂರಿಸಿ ನೋಡಿದೆ. ಮಗ್ಗ ನಡೆದಿರುವಾಗ ಆಕೆಯ ಗಂಟಲೇ ತೆರೆಯದು. ಕಣ್ಣಲ್ಲಿ ನೀರು ಬರುವ ಹಾಗೆ ಕೂಗಿದಾಗ ಮೈಕಿನಲ್ಲಿ ಕೇಳಿಸಿದ್ದು ಖಟಲ್ ಖಟಲ್ ಒಂದೇ. ಕರೆಂಟ್ ಹೋದರೆ ಓಣಿ ಸುಮ್ಮನಾಗುತ್ತದೆ ನಿಜ, ಆದರೆ ಅದರ ಜೊತೆ ಇಂಟರ್ನೆಟ್ಟೂ ಹೋಗುತ್ತದೆ. ಕರೆಂಟೂ ಇರಬೇಕು, ಮಗ್ಗವೂ ನಿಲ್ಲಬೇಕು. ಅದೂ ಕಾಕುವಿನ ಮಗ್ಗವಷ್ಟೇ ಅಲ್ಲ, ಆಚೀಚೆಯ ಮನೆಗಳದ್ದೂ, ಎದುರು ಸಾಲಿನದ್ದೂ.

ಬುಧವಾರ ಸಂಜೆ ಕರೆಂಟ್ ಹೋದಾಗ ಕಾಕು ಕಟ್ಟೆಗೆ ಬಂದು ಕೂತಳು. ನಾನು ಹೋಗಿ ಕೇಳಿಯೇಬಿಟ್ಟೆ.

"ಮಗ್ಗ ನಿಲ್ಲಸಾಕ ಯಾರ ಸತ್ತಾರ್ಲೇ?" ಎಂದಳು.

"ಸತ್ರ ನಿಲ್ಲಸ್ತೀರಿ. ಒಬ್ಬಾಕಿ ಬದುಕಾಕತ್ತಾಳ, ಅದಕ್ಕ ನಿಲ್ಲಸಾಕ ಆಗೂದಿಲ್ಲ?"

"ಬಾಯಿ ತೊಳಕೊಂಡ ಬಾ ಹೋಗ! ಜೀವಂತ ಇರೋ ಸೊಸಿ ಹೆಸರ್ಲೇ ಮಗ್ಗ ನಿಲ್ಲಸಂತ! ನಾಳಿ ಆಕಿಗೆ ಏನಾರ ಹೆಚ್ಚುಕಡಿಮಿ ಆದ್ರ ನೀ ಬರ್ತೀಯೇನ?" ಆಮೇಲೆ ಬೇರೆಯೇ ದನಿಯಲ್ಲಿ ಹೇಳಿದಳು, "ನಿಮ್ಮ ಕಾಕಾ ಹೋದ ದಿನ ನಿಂತಿದ್ವು. ಆವತ್ತ ಅವು ಗಪ್ಪಾದದ್ದು ಇನ್ನೂ ನನ್ನ ಕಿವ್ಯಾಗ ಐತಿ. ಅದನ್ನ ಮನಿಗೆ ಕರಿಯಾಕ ಹೋಗಬ್ಯಾಡ."

ಎದ್ದು ಬಂದೆ. ಆಕೆ ಹೆದರಿದ್ದು ಸೊಸೆಗಾಗಿ ಎಂದು ತಿಳಿದ ಮೇಲೆ ಯಾರ ಮೇಲೆ ಸಿಟ್ಟಾಗುವುದು?

ಗುರುವಾರ ನಾನು ರಜೆ ಹಾಕಿ ಓಣಿಗಿಳಿದೆ. ಬಿಸಿಲು ಬೆಳ್ಳಗೆ ಬಿದ್ದಿತ್ತು. ಒಣಹಾಕಿದ ನೂಲಿನ ಲಡಿಗಳು ಹಸಿರು, ಕುಂಕುಮ ಬಣ್ಣದಲ್ಲಿ ಅಲುಗದೆ ತೂಗಿದ್ದವು. ಹುಡುಗಿ ನೀಲಿ ಸೀರೆ ಉಟ್ಟು ಖೋಲಿಯ ಬಾಗಿಲು ಹಾಕಿಕೊಂಡಿದ್ದಳು. ಓಣಿ ಕಡೆಯ ಕಿಟಕಿಯಲ್ಲಿ ಆಕೆಯ ಹೆಗಲು ಕಾಣುತ್ತಿತ್ತು, ಉಸಿರು ಎಳೆದುಕೊಂಡಾಗಲೆಲ್ಲ ಮೇಲೇಳುತ್ತಿತ್ತು. ಮಗ್ಗಗಳು ನಡೆದೇ ಇದ್ದವು. ಆಗಲಿ, ಕೂಗಲಿ, ದೇವರು ದೊಡ್ಡವನು ಎಂದುಕೊಂಡು ನಾನು ಮಗ್ಗದ ಮನೆಯ ಬಾಗಿಲಿಗೆ ಬಂದು ನಿಂತೆ.

ಕಾಕು ನನ್ನ ಕಡೆ ನೋಡಲಿಲ್ಲ. ಒಂದು ಮಗ್ಗದ ಮುಂದೆ ಬೆನ್ನು ಮಾಡಿ ನಿಂತಿದ್ದಳು. ನಡುಗೋಡೆಯ ಕಿಂಡಿಯಲ್ಲಿ ಆ ಹೆಗಲು ಅಲ್ಲಿಂದಲೂ ಕಾಣುತ್ತಿತ್ತು. ಎಷ್ಟೋ ಹೊತ್ತು ಅದನ್ನೇ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನನ್ನು ಸರಿಸಿ ಹೊಸ್ತಿಲಿಗೆ ಬಂದು, ಎದುರುಮನೆಯ ಕಡೆ ಕೈ ಎತ್ತಿದಳು. ಅಲ್ಲಿ ಮಗ್ಗದ ಮುಂದಿದ್ದ ಹೆಂಗಸು ತಲೆ ಎತ್ತಿ ನೋಡಿದಳು. ಕಾಕುವಿನ ತುಟಿ ಆಡಿತು. 'ನಿಲ್ಲಸ್ರಿ.'

'ಏನಾತು?' ಎಂದಿತು ಆ ತುಟಿ.

'ಏನೂ ಆಗಿಲ್ಲ. ನಿಲ್ಲಸ್ರಿ. ಮುಂದ ಹೇಳ್ರಿ.'

ಆ ಹೆಂಗಸು ತನ್ನ ಕಿಟಕಿಗೆ ಹೋಗಿ ಪಕ್ಕದ ಮನೆಗೆ ಕೈ ಬೀಸಿದಳು. ಅಷ್ಟು ಸದ್ದಿನ ನಡುವೆ ಆ ಮಾತು ಒಂದು ಪಿಸುದನಿಯೂ ಇಲ್ಲದೆ ಬಾಗಿಲಿಂದ ಬಾಗಿಲಿಗೆ, ತುಟಿಯಿಂದ ತುಟಿಗೆ ಓಣಿಯ ತುದಿಯವರೆಗೆ ಹೋಗುವುದನ್ನು ನಾನು ನೋಡುತ್ತ ನಿಂತೆ. ಕಾಕು ಒಳಗೆ ಹೋಗಿ ತನ್ನ ಸ್ವಿಚ್ಚು ಆರಿಸಿದಳು. ಎದುರಿನದು ನಿಂತಿತು. ಅದರ ಪಕ್ಕದ್ದು ನಿಂತಿತು. ಸದ್ದು ಒಂದೊಂದಾಗಿ ಕಳಚಿಕೊಳ್ಳುತ್ತ, ದೂರ ದೂರ ಸರಿಯುತ್ತ, ತುದಿಯ ಮನೆಯಲ್ಲಿ ಒಂದೇ ಒಂದು ಮಗ್ಗ ಉಳಿದು, ಅದೂ ನಿಂತಿತು. ಎಲ್ಲ ಗೊತ್ತಿದ್ದರೂ ನಾನು ಕೈ ಮುಗಿದುಬಿಟ್ಟೆ. ಯಾರೋ ನಮ್ಮವರೇ ಹೋದರು ಎನ್ನುವ ಹಾಗೆ.

ಕರೆಂಟ್ ಹೋದಾಗ ಹರಟೆ, ಸಾವಾದಾಗ ಅಳು ಇದ್ದೇ ಇರುತ್ತಿತ್ತು, ನಮ್ಮ ಓಣಿಯನ್ನು ನಾನು ಹಾಗೆ ಎಂದೂ ಕೇಳಿರಲಿಲ್ಲ. ಛಾವಣಿಯ ಮೇಲೆ ಪಾರಿವಾಳದ ಉಗುರು ಕೆರೆಯುವುದು ಕೇಳಿತು. ಲಡಿಯಿಂದ ಬಣ್ಣದ ನೀರು ತೊಟ್ಟಿಕ್ಕುವುದು ಕೇಳಿತು. ರಬಕವಿ ರಸ್ತೆಯಲ್ಲಿ ಹೋಗುವ ಬಸ್ಸಿನ ಹಾರನ್ನು ಕೇಳಿತು. ಆಮೇಲೆ ಕಿಟಕಿಯಿಂದ ಆ ಒಡಕು ದನಿ ಬಂತು. ಮೊದಲು ತಡವರಿಸಿತು, ನಿಂತಿತು, ಕೆಮ್ಮಿತು, ಮತ್ತೆ ಹೊರಟಿತು. ಕಳ್ಳ ಯಾವ ಹಾದಿಯಲ್ಲಿ ಬಂದ, ಎಲ್ಲಿ ಅಡಗಿದ, ಯಾವ ಬಾಗಿಲನ್ನು ಮೊದಲು ಮುಚ್ಚಬೇಕು ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಹೆಂಗಸರು ಒಬ್ಬೊಬ್ಬರೇ ಹೊಸ್ತಿಲಿಗೆ ಬಂದು ಕೂತರು. ಒಂದಕ್ಷರ ತಿಳಿಯದಿದ್ದರೂ ಯಾರೂ ಅಲುಗಲಿಲ್ಲ. ತೇಲಿ ಬರುತ್ತಿದ್ದ ಆ ದನಿಯನ್ನು ಕೇಳುತ್ತ ನಾನೂ ಕೂತೆ, ಜೋಳಿಗೆಯ ಕೂಸಿನ ಹಾಗೆ ನನಗೆ ಜೊಂಪು ಹತ್ತಿದಂತಾಯಿತು.

ಓಣಿಯ ತುದಿಯಿಂದ ಒಬ್ಬ ಮುದುಕ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಅವಸರದಲ್ಲಿ ಬಂದ. ಮುಖ ಬಾಡಿತ್ತು. ಕಾಕುವನ್ನು ನೋಡಿ, "ಯಾರ ಹೋದ್ರವಾ?" ಎಂದ.

"ಯಾರೂ ಹೋಗಿಲ್ಲ" ಎಂದಳು ಕಾಕು. "ನಮ್ಮ ಸೊಸಿ ಮಾತಾಡಾಕತ್ತಾಳ. ಸುಮ್ಮ ಕುಂಡ್ರು."

ಮುದುಕ ಕಕ್ಕಾಬಿಕ್ಕಿಯಾಗಿ ನಮ್ಮೆಲ್ಲರ ಮುಖ ನೋಡಿ, ಕಟ್ಟೆಯ ಮೇಲೆ ಕೂತ. ನನಗೆ ಅಳು ಬಂತು. ಅತ್ತುಬಿಟ್ಟೆ, ಅದರಲ್ಲೇನು ನಾಚಿಕೆ?

ಒಳಗೆ ಒಂದು ಪ್ರಶ್ನೆಗೆ ಆಕೆ ಏನೋ ಹೇಳಹೋಗಿ ಅರ್ಧಕ್ಕೇ ಬಿಟ್ಟಳು. ಆಮೇಲೆ "ನನಗೆ ಗೊತ್ತಿಲ್ಲ, ಆದರೆ ಹೀಗೆ ಹುಡುಕುತ್ತೇನೆ" ಎಂದು ಶುರುಮಾಡಿದಳು, ದನಿ ಮೊದಲಿಗಿಂತ ಗಟ್ಟಿಯಾಗಿತ್ತು. ಮುಗಿಸಿ ಬಾಗಿಲು ತೆರೆದು ಹೊರಗೆ ಬಂದಾಗ ಹೊಸ್ತಿಲುಗಳ ತುಂಬ ಕೂತಿದ್ದ ಜನರನ್ನು ನೋಡಿ ಬೆಚ್ಚಿ ನಿಂತಳು. ಏನಾಯಿತೋ ಯಾರಿಗೂ ತಿಳಿಯದು, ಹಾಗೇ ಕೂತೆವು. ನನ್ನ ಫೋನು ಬಡಿದುಕೊಂಡಿತು. ಮುಖ್ಯಸ್ಥೆ. ಈ ಸಲ ದನಿ ಬಂತು, ಸೋಮವಾರದಿಂದ ಸೇರಿಕೊಳ್ಳಲಿ ಎಂದರು.

"ಆತು ಬೇ! ಸೋಮವಾರದಿಂದ!" ಎಂದು ನಾನು ಚೀರಿಬಿಟ್ಟೆ.

ಹೆಂಗಸರು ಎದ್ದು ಸೀರೆ ಝಾಡಿಸಿಕೊಂಡು ತಮ್ಮ ತಮ್ಮ ಮಗ್ಗಗಳ ಕಡೆ ಹೊರಟರು. ಮೊದಲು ನಿಲ್ಲಿಸಿದವಳು ಕಾಕು, ಆಕೆ ಶುರುಮಾಡಿದ ಮೇಲೆ ಉಳಿದವರದು. ಕಾಕು ಸ್ವಿಚ್ಚಿಗೆ ಕೈ ಒಯ್ದಳು. ಒತ್ತಲಿಲ್ಲ. ಸೊಸೆಯ ಕಡೆ ತಿರುಗಿದಳು.

"ಇನ್ನೊಂದೀಟ ಮಾತಾಡವಾ."

"ಏನ ಮಾತಾಡ್ಲಿ ಅತ್ತಿ?"

"ಏನರೆ ಮಾತಾಡ. ನಾಕ ವರ್ಷ ಆತು ನೀ ಬಂದು. ನಿನ್ನ ದನಿ ಹಿಂಗ ಐತಿ ಅಂತ ನನಗ ಇವತ್ತ ಗೊತ್ತಾತು."

ಹುಡುಗಿ ನನ್ನನ್ನು ನೋಡಿದಳು, ಓಣಿಯನ್ನು ನೋಡಿದಳು, ನೆಲ ನೋಡಿದಳು. ಸೆರಗಿನ ಚುಂಗು ಬೆರಳಿಗೆ ಸುತ್ತಿ ಬಿಚ್ಚಿ ಮತ್ತೆ ಸುತ್ತಿದಳು. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಅತ್ತಿ, ನನಗ ಬದನಿಕಾಯಿ ಸೇರೂದಿಲ್ರಿ."

ಕಾಕು ಸ್ವಿಚ್ಚಿನಿಂದ ಕೈ ತೆಗೆದಳು. ಹೊಸ್ತಿಲಿಗೆ ಬಂದು, ಗೋಡೆ ಹಿಡಿದು ಮೆಲ್ಲಗೆ ಕೂತಳು. ಪಕ್ಕದಲ್ಲಿ ಸೊಸೆಗೂ ಜಾಗ ಬಿಟ್ಟಳು.

"ಮತ್ತ?" ಎಂದಳು.